ಲಿನಕ್ಸ್ ಆದೇಶಗಳಿಂದ ಬೂಟ್ ಆಗುವ ಪೆನ್‌ಡ್ರೈವ್ ಸಿದ್ಧಪಡಿಸುವ ಕ್ರಮ

ಮುಂಬಯಿಯ ಪವಾಯಿಯಲ್ಲಿ 1958ರಲ್ಲಿ ಸ್ಥಾಪಿತವಾದ ಭಾರತೀಯ ತಂತ್ರಜ್ಞಾನ ಸಂಸ್ಥೆಯು ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಮೂಲಕ ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಒದಗಿಸಿದೆ. ಈ ಪಾಠಗಳಿಂದ ಲಿನಕ್ಸ್‌ನ ಪರಿಚಯ ಪಡೆದವರು ಅದನ್ನು ತಮ್ಮ ಗಣಕಯಂತ್ರದಲ್ಲಿ ಅಳವಡಿಸಲು ಬಯಸುವುದು ಸಹಜ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡ ಕಾರಣ, ಸುಸ್ಥಿತಿಯಲ್ಲಿರುವ ಹಳೆಯ ಯಂತ್ರಗಳ ಮಟ್ಟಿಗೆ ಈ ವಿಷಯಕ್ಕೆ ಹೆಚ್ಚಿನ ಮಹತ್ವ ಬಂದಿದೆ.

ಲಿನಕ್ಸ್ ವಿತರಣೆಯು ‘ಐಎಸ್‌ಒ’ ಎಂಬ ಬಿಂಬಕಡತದ ರೂಪದಲ್ಲಿ ದೊರೆಯುತ್ತದೆ. ಅದನ್ನು ಸಾಮಾನ್ಯ ಕಡತದಂತೆ ಪೆನ್‌ಡ್ರೈವಿಗೆ ನಕಲಿಸಿದರೆ ಯಂತ್ರವು ಅದರಿಂದ ಆರಂಭವಾಗದು. ಆರಂಭಕ್ಕೆ ಬೇಕಾದ ಮಾಹಿತಿಯು ಡ್ರೈವಿನ ಮೊದಲ ಭಾಗದಿಂದಲೇ ಯಥಾವತ್ತಾಗಿ ಬರೆಯಲ್ಪಡಬೇಕು. ಈ ಕಾರ್ಯವನ್ನು ‘ಡಿಡಿ’ ಎಂಬ ಆದೇಶವು ನೆರವೇರಿಸುತ್ತದೆ. ಕೆಳಗಿನ ಆದೇಶಗಳನ್ನು ಉಚ್ಚಾರಕ್ಕನುಗುಣವಾಗಿ ಕನ್ನಡದಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸತಕ್ಕದ್ದು.

1. ‘ಎಸ್‌ಎಚ್‌ಎ256ಸಮ್’ ಆದೇಶದ ಮುಂದೆ ಬಿಂಬಕಡತದ ಹೆಸರನ್ನು ಕೊಡಿರಿ. ದೊರೆಯುವ 64 ಅಕ್ಷರಗಳ ಗುರುತು ವಿತರಕರು ಪ್ರಕಟಿಸಿದ ಗುರುತಿನೊಡನೆ ಹೊಂದಿಕೆಯಾದರೆ ಮಾತ್ರ ಮುಂದುವರಿಯಿರಿ.

2. ಪೆನ್‌ಡ್ರೈವ್ ಜೋಡಿಸುವ ಮೊದಲೊಮ್ಮೆ, ಜೋಡಿಸಿದ ಮೇಲೊಮ್ಮೆ ‘ಎಲ್‌ಎಸ್‌ಬಿಎಲ್‌ಕೆ’ ಆದೇಶವನ್ನು ಕೊಡಿರಿ. ಎರಡನೆಯ ಪಟ್ಟಿಯಲ್ಲಿ ಹೊಸದಾಗಿ ಕಾಣುವುದೇ ಪೆನ್‌ಡ್ರೈವ್. ಅದರ ಗಾತ್ರವನ್ನೂ ತಾಳೆ ನೋಡಿರಿ. ಅದರ ಹೆಸರು ‘ಎಸ್‌ಡಿಬಿ’ ಎಂದು ಭಾವಿಸೋಣ.

3. ಅದರ ವಿಭಾಗವು ತಾನಾಗಿ ತೆರೆದುಕೊಂಡಿದ್ದರೆ ‘ಸುಡೊ ಯುಮೌಂಟ್ /ಡೆವ್/ಎಸ್‌ಡಿಬಿ1’ ಎಂಬ ಆದೇಶದಿಂದ ಬಿಡಿಸಿರಿ.

4. ಅನಂತರ ಈ ಆದೇಶವನ್ನು ಒಂದೇ ಸಾಲಿನಲ್ಲಿ ಕೊಡಿರಿ:

ಸುಡೊ ಡಿಡಿ ಐಎಫ್=ಬಿಂಬಕಡತ ಒಎಫ್=/ಡೆವ್/ಎಸ್‌ಡಿಬಿ ಬಿಎಸ್=4ಎಂ ಸ್ಟೇಟಸ್=ಪ್ರೋಗ್ರೆಸ್ ಕಾನ್ವ್=ಎಫ್‌ಸಿಂಕ್

ಇಲ್ಲಿ ‘ಐಎಫ್’ ಮೂಲವನ್ನೂ ‘ಒಎಫ್’ ಗುರಿಯನ್ನೂ ಸೂಚಿಸುತ್ತವೆ. ‘4ಎಂ’ ಎಂಬಲ್ಲಿನ ‘ಎಂ’ ಮಾತ್ರ ದೊಡ್ಡ ಅಕ್ಷರವಾಗಿರಬೇಕು. ಗುರಿಯ ಹೆಸರಿನ ಕೊನೆಗೆ ವಿಭಾಗದ ಅಂಕೆಯನ್ನು ಸೇರಿಸಬಾರದು, ಏಕೆಂದರೆ ಬರೆಯಬೇಕಾದುದು ಇಡೀ ಡ್ರೈವಿನ ಮೇಲೆ.

ಮುಖ್ಯ ಎಚ್ಚರಿಕೆ: ‘ಡಿಡಿ’ ಆದೇಶವು ‘ಅಳಿಸಲೇ?’ ಎಂದು ಕೇಳುವುದಿಲ್ಲ. ‘ಎಸ್‌ಡಿಬಿ’ಯ ಬದಲು ‘ಎಸ್‌ಡಿಎ’ ಎಂದು ಬರೆದರೆ ಯಂತ್ರದ ಸ್ವಂತ ಡಿಸ್ಕೇ ಅಳಿದುಹೋಗಬಹುದು. ಕುಟುಂಬದ ಛಾಯಾಚಿತ್ರಗಳು, ಜಮೀನಿನ ದಾಖಲೆಗಳ ಪ್ರತಿಗಳು, ಮಕ್ಕಳ ಅಂಕಪಟ್ಟಿಗಳು ಕ್ಷಣಮಾತ್ರದಲ್ಲಿ ನಷ್ಟವಾದಾವು. ಜೋಡಣೆಯ ಕ್ರಮ ಬದಲಾದಂತೆ ಡ್ರೈವಿನ ಹೆಸರೂ ಬದಲಾಗಬಹುದಾದ್ದರಿಂದ ನಿನ್ನೆಯ ಹೆಸರನ್ನು ನಂಬದೆ ಪ್ರತಿ ಬಾರಿಯೂ ಪಟ್ಟಿಯನ್ನು ನೋಡತಕ್ಕದ್ದು. ಪೆನ್‌ಡ್ರೈವಿನಲ್ಲಿ ಮೊದಲಿದ್ದ ಕಡತಗಳೂ ಉಳಿಯವು.

ಬರವಣಿಗೆ ಮುಗಿದ ಮೇಲೆ ಯಂತ್ರವನ್ನು ಪುನರಾರಂಭಿಸಿ, ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿರಿ. ಅನೇಕ ವಿತರಣೆಗಳನ್ನು ಅಳವಡಿಸುವ ಮೊದಲೇ ಪೆನ್‌ಡ್ರೈವಿನಿಂದ ನಡೆಸಿ ಪರೀಕ್ಷಿಸಬಹುದು. ಪರದೆ, ಧ್ವನಿ, ಅಂತರಜಾಲ, ಕನ್ನಡದ ಬೆರಳಚ್ಚು ಇವೆಲ್ಲವೂ ಸರಿಯಾಗಿವೆಯೆಂದು ಕಂಡುಕೊಂಡು, ಅಗತ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿದ ಬಳಿಕವೇ ಅಳವಡಿಕೆಗೆ ತೊಡಗುವುದು ಕ್ಷೇಮಕರ.