ನಿಲ್ದಾಣದ ಗೋಡೆಯಲ್ಲಿ ನೀರಿನ ಮಟ್ಟ

ಪ್ರಶ್ನೆ: ಊರಿನದೇ ನದಿ, ಕೆರೆ, ಕಡಲನ್ನು ವಸ್ತುವಾಗಿಸಿಕೊಂಡ ಕಲೆ ಮೆಟ್ರೊ ನಿಲ್ದಾಣಗಳಲ್ಲಿ ಎಲ್ಲಾದರೂ ಇದೆಯೇ? ಅದು ಬರೀ ಅಲಂಕಾರವೋ, ಅದಕ್ಕೊಂದು ಅರ್ಥವೂ ಇರುತ್ತದೋ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ. ಅಲಂಕಾರ, ಅರ್ಥ ಎರಡೂ ಕೂಡಿಬಂದ ಒಂದು ಜಾಗವೆಂದರೆ ಇಟಲಿಯ ನೇಪಲ್ಸ್‌ನ ಟೊಲೆಡೊ ನಿಲ್ದಾಣ. 2012ರಲ್ಲಿ ತೆರೆದ ಇದರ ವಿನ್ಯಾಸ ಸ್ಪೇನಿನ ಓಸ್ಕರ್ ತುಸ್ಕೆತ್ಸ್ ಬ್ಲಾಂಕಾ ಅವರದು. ಆಳ ಸುಮಾರು 50 ಮೀಟರ್. ಇಳಿಯುವಾಗ ಒಂದು ಹಂತದಲ್ಲಿ ಸಿಗುವ ಗೋಡೆಗಳು ಹಳದಿ. ಆ ಊರು ನಿಂತಿರುವ ಟಫ್ ಕಲ್ಲಿನ ಬಣ್ಣ. ಸಮುದ್ರಮಟ್ಟ ತಲುಪುತ್ತಿದ್ದಂತೆ ಹಳದಿ ಮುಗಿದು ನೀಲಿ ಮೊಸಾಯಿಕ್ ಶುರುವಾಗುತ್ತದೆ, ಕೆಳಕ್ಕಿಳಿದಂತೆ ಆ ನೀಲಿ ಗಾಢವಾಗುತ್ತದೆ. ನೀವೀಗ ಕಡಲಿಗಿಂತ ಕೆಳಗಿದ್ದೀರಿ ಎಂಬುದನ್ನು ಫಲಕವಿಲ್ಲದೆ ಗೋಡೆಯೇ ಹೇಳುತ್ತದೆ. ಬೀದಿಯಿಂದ ಕೆಳಗಿನವರೆಗೆ ಕೊರೆದ ಒಂದು ದೊಡ್ಡ ಬೆಳಕಿಂಡಿಯೂ ಇದೆ. ಒಂದು ಹಾದಿಯ ಗೋಡೆಗಳಲ್ಲಿ ರಾಬರ್ಟ್ ವಿಲ್ಸನ್ ರಚಿಸಿದ ಕಡಲಿನ ಚಿತ್ರಗಳಿವೆ. ನಾವು ನಡೆದಂತೆ ಅಲೆಗಳೂ ಸರಿಯುತ್ತವೆ.

ನನಗೆ ಇದು ಇಷ್ಟವಾಗಲು ಕಾರಣ ಬೇರೆಯೇ. ಈ ನಿಲ್ದಾಣ ಕೊರೆದವರಿಗೆ ಅಂತರ್ಜಲ ದೊಡ್ಡ ತೊಡಕಾಗಿತ್ತು. ನೀರು ನುಗ್ಗದಂತೆ ಸುತ್ತಲಿನ ನೆಲವನ್ನೇ ಹೆಪ್ಪುಗಟ್ಟಿಸಿ ಸುರಂಗ ತೋಡಬೇಕಾಯಿತು. ಎಂಜಿನಿಯರುಗಳು ತಡೆದು ನಿಲ್ಲಿಸಿದ ನೀರನ್ನೇ ಕಲಾವಿದರು ಗೋಡೆಯ ಮೇಲೆ ತೋರಿಸಿಕೊಟ್ಟರು.

ಲಂಡನ್ನಿನ ಸ್ಲೋನ್ ಸ್ಕ್ವೇರ್ ನಿಲ್ದಾಣದಲ್ಲಂತೂ ಚಿತ್ರವೇ ಬೇಕಿಲ್ಲ. 1868ರಲ್ಲಿ ನಿಲ್ದಾಣ ಕಟ್ಟಿದಾಗ ಅಡ್ಡ ಬಂದ ವೆಸ್ಟ್‌ಬೋರ್ನ್ ನದಿಯನ್ನು ಕಬ್ಬಿಣದ ಕೊಳವೆಯಲ್ಲಿ ಹಳಿಗಳ ಮೇಲಿಂದ ದಾಟಿಸಿದರು. ಇಂದಿಗೂ ಅದು ಪ್ರಯಾಣಿಕರ ತಲೆಯ ಮೇಲೇ ಹರಿಯುತ್ತಿದೆ.

ಬೆಂಗಳೂರಿನವರಾದ ನಿಮಗೆ ಮೆಜೆಸ್ಟಿಕ್ ನೆನಪಾಗಿರಬೇಕು. ಅಲ್ಲಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ ಅದು. ಅತ್ತ ನೇರಳೆ ಮಾರ್ಗದ ರೈಲು ನಾಯಂಡಹಳ್ಳಿಯ ಬಳಿ ಹೋಗುವಾಗ ಕಾಣುವ ವೃಷಭಾವತಿಯನ್ನು ಎಷ್ಟೋ ಮಂದಿ ಬರೀ ರಾಜಕಾಲುವೆ ಎಂದೇ ತಿಳಿದಿದ್ದಾರೆ. ಇಂಥ ಕಡೆಯ ಮೆಟ್ರೊ ನಿಲ್ದಾಣಗಳಲ್ಲಿ ಕಮಲ, ಮೀನುಗಳ ಅಂದದ ಚಿತ್ರ ಬರೆದರೆ ಸಾಲದು. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು, ತೂಬು ಎತ್ತ ಇತ್ತು, ಕೋಡಿ ಬಿದ್ದ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂಬುದನ್ನು ಹಳೆಯ ನಕ್ಷೆ ನೋಡಿ ಗೋಡೆ, ಕಂಬ, ಮೆಟ್ಟಿಲುಗಳ ಮೇಲೆ ಗುರುತು ಮಾಡಬೇಕು. ಮಳೆಗಾಲದಲ್ಲಿ ಯಾವ ರಸ್ತೆಯಲ್ಲಿ ಏಕೆ ನೀರು ನಿಲ್ಲುತ್ತದೆ ಎಂಬುದೂ ಆಗ ದಿನದ ಪ್ರಯಾಣಿಕರಿಗೆ ಅರ್ಥವಾದೀತು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಟೊಲೆಡೊದಲ್ಲಿ ಕಲೆಯನ್ನು ನಿಲ್ದಾಣ ಮುಗಿದ ಮೇಲೆ ತಂದು ತೂಗುಹಾಕಲಿಲ್ಲ, ವಿನ್ಯಾಸದ ಜೊತೆಗೇ ಯೋಚಿಸಿದ್ದರು. ನಮ್ಮ ಹೊಸ ಮಾರ್ಗಗಳಲ್ಲೂ ನೆಲ ಅಗೆಯುವ ಮೊದಲೇ ಕಲಾವಿದರನ್ನೂ ಕೆರೆಗಳ ಚರಿತ್ರೆ ಬಲ್ಲವರನ್ನೂ ಎಂಜಿನಿಯರುಗಳ ಜೊತೆ ಕೂರಿಸಬೇಕು.