ಹಳೆಯ ಪಾಯಿಂಟ್ ಟೂ ಟೂ ಕೊಳ್ಳುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಹಳೆಯ .22 ರೈಫಲ್‌ಗಳ ಬಗ್ಗೆಯೇ ಇವೆ. ಎಲ್ಲಕ್ಕೂ ಸಲ್ಲುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೋವಿಗೆ ಬೆಲೆ ಕಟ್ಟುವಾಗ ಮೊದಲು ಕಾಗದಪತ್ರ, ಆಮೇಲೆ ನಳಿಗೆ, ಆಮೇಲೆ ಮೂಲರೂಪ ನೋಡಬೇಕು. ಕಂಪನಿಯ ಹೆಸರು ಕೊನೆಗೆ. ಮಾರುವವರು ಸಾಮಾನ್ಯವಾಗಿ ಹೆಸರಿನಿಂದಲೇ ಮಾತು ಶುರುಮಾಡುತ್ತಾರೆ.

ಪಕ್ಕದ ತೋಟದವರು ತಮ್ಮ ಬ್ರನೋ ಮಾಡೆಲ್ 2 ಮಾರುತ್ತಿದ್ದಾರೆ. ನೋಡಲು ಫಳಫಳ ಎನ್ನುತ್ತಿದೆ. ದುಡ್ಡು ಕೊಡುವ ಮುಂಚೆ ಏನೇನು ಪರೀಕ್ಷಿಸಬೇಕು?
– ಓದುಗರೊಬ್ಬರು, ಮೂಡಿಗೆರೆ

ಹೊರಗಿನ ಹೊಳಪು ಕೊನೆಗೆ ನೋಡುವ ವಿಷಯ. ಮೊದಲು ಕೋವಿ ಖಾಲಿ ಇದೆಯೆಂದು ನೀವೇ ಖಚಿತ ಮಾಡಿಕೊಳ್ಳಿ. ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಚೇಂಬರಿನೊಳಗೆ ಕಣ್ಣಿಟ್ಟು ನೋಡಿ. ನಂತರ ಬೋಲ್ಟನ್ನು ಪೂರ್ತಿ ಹೊರತೆಗೆದು, ಹಿಂಬದಿಯಿಂದ ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ಒಳಗೆ ಎಣ್ಣೆ ಇದ್ದರೆ ಒಣಬಟ್ಟೆಯಿಂದ ಒರೆಸಲು ಹೇಳಿ, ಏಕೆಂದರೆ ಎಣ್ಣೆ ಸಣ್ಣ ತುಕ್ಕುಗುಳಿಗಳನ್ನು ಮುಚ್ಚುತ್ತದೆ. ಸುರುಳಿಗೆರೆಗಳ ಅಂಚು ಮೂತಿಯವರೆಗೂ ಚೂಪಾಗಿ ಒಂದೇ ಸಮ ಕಾಣಬೇಕು. ನಡುವೆ ಎಲ್ಲಾದರೂ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿರುವ ಸಾಧ್ಯತೆ ಹೆಚ್ಚು. ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆಯೇ ಇನ್ನೊಂದನ್ನು ಹಾರಿಸಿದಾಗ ಹೀಗಾಗುತ್ತದೆ. ಅಂಥದ್ದು ಅಗ್ಗವಾಗಿ ಸಿಕ್ಕರೂ ಬೇಡ.

ಆಮೇಲೆ ಮೂತಿಯ ಅಂಚು ನೋಡಿ. ಶುಚಿ ಮಾಡುವ ಸಲಾಕೆಯನ್ನು ವರ್ಷಗಟ್ಟಲೆ ಮುಂದಿನಿಂದ ತೂರಿಸಿದ್ದರೆ ಅಲ್ಲಿ ಒಂದು ಪಕ್ಕ ಸವೆದು ಗುರಿ ಕೆಟ್ಟಿರುತ್ತದೆ. ಮೂರನೆಯದು ಚೇಂಬರಿನ ಬಾಯಿ. ರಿಮ್‌ಫೈರ್ ತೋಟಾದ ಸಿಡಿಮದ್ದು ತಳದ ಅಂಚಿನೊಳಗೆ ಇರುವುದರಿಂದ ಫೈರಿಂಗ್ ಪಿನ್ ಆ ಅಂಚಿಗೇ ಬಡಿಯುತ್ತದೆ. ತೋಟಾ ಇಲ್ಲದೆ ಟ್ರಿಗರ್ ಒತ್ತುತ್ತಲೇ ಇದ್ದರೆ ಕೆಲವು ಹಳೆಯ ರೈಫಲ್‌ಗಳಲ್ಲಿ ಪಿನ್ ಚೇಂಬರಿನ ಉಕ್ಕಿಗೇ ತಾಗಿ ಕಚ್ಚು ಮೂಡುತ್ತದೆ. ಆಗ ತೋಟಾ ಸರಿಯಾಗಿ ಕೂರುವುದಿಲ್ಲ, ಹಾರಿಸಿದ ಮೇಲೆ ಹೊರಬರುವುದೂ ಇಲ್ಲ.

ಮಲೆನಾಡಿನ ಕೋವಿಗಳಲ್ಲಿ ಇನ್ನೊಂದು ಜಾಗ ನೋಡಲೇಬೇಕು. ಎರಡು ತಿರುಪು ಬಿಚ್ಚಿಸಿ ನಳಿಗೆಯನ್ನು ಮರದಿಂದ ಮೇಲೆತ್ತಿಸಿ. ಮಳೆಗಾಲದ ತೇವ ನಿಲ್ಲುವುದು ಮರದೊಳಗೆ ಅಡಗಿದ ಆ ಭಾಗದಲ್ಲೇ. ಮೇಲೆ ಹೊಳೆಯುವ ಕೋವಿಯ ಅಡಿಯಲ್ಲಿ ತುಕ್ಕು ಆಳಕ್ಕೆ ಇಳಿದಿರಬಹುದು.

ಕೊನೆಗೆ, ಅನುಮತಿ ಇರುವ ರೇಂಜಿನಲ್ಲಿ ಮಾರುವವರೇ ಹಾರಿಸಿ ತೋರಿಸಲಿ. 50 ಮೀಟರ್ ದೂರದ ಕಾಗದದ ಮೇಲೆ ಐದು ಗುಂಡು ಒಟ್ಟಿಗೆ ಗುಂಪಾಗಿ ಬೀಳಬೇಕು. ತೂತು ದುಂಡಗಿಲ್ಲದೆ ಉದ್ದಕ್ಕೆ ಹರಿದಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ, ನಳಿಗೆ ಮುಗಿದಿದೆ ಎಂದರ್ಥ. ಖಾಲಿ ತೋಟಾಗಳನ್ನು ಆರಿಸಿ ನೋಡಿ. ತಳದ ಅಂಚು ಉಬ್ಬಿದ್ದರೂ ಬಿರಿದಿದ್ದರೂ ಅಪಾಯ.

ಅಮೆರಿಕದಲ್ಲಿ ಕೆಲವು ನೂರು ಡಾಲರಿಗೆ ಸಿಗುವ ಹಳೆಯ ರೈಫಲ್‌ಗೆ ಇಲ್ಲಿ ಲಕ್ಷಗಳಲ್ಲಿ ಬೆಲೆ ಹೇಳುತ್ತಾರೆ. ಇದು ಮೋಸವೇ?
– ಓದುಗರೊಬ್ಬರು, ಬೆಂಗಳೂರು

ಮೋಸ ಎನ್ನಲಾಗದು, ಇದು ಕೊರತೆಯ ಬೆಲೆ. ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಕೋವಿ ತರಿಸುವ ದಾರಿ 1980ರ ದಶಕದ ಮಧ್ಯದಿಂದ ಹೆಚ್ಚುಕಡಿಮೆ ಮುಚ್ಚಿದೆ. ಹೆಸರಾಂತ ಶೂಟರ್‌ಗಳಿಗಷ್ಟೇ ಆ ಅವಕಾಶ ಉಳಿದಿದೆ. ಹಾಗಾಗಿ ಅದಕ್ಕೂ ಮೊದಲು ಬಂದ ಬ್ರನೋ, ಬಿಎಸ್‌ಎ, ವಿಂಚೆಸ್ಟರ್, ವಾಲ್ಥರ್‌ಗಳೇ ಕೈಯಿಂದ ಕೈಗೆ ಓಡಾಡುತ್ತಿವೆ. ಅಲ್ಲಿನ ಬೆಲೆಪುಸ್ತಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನೀವು ಹೀಗೆ ಲೆಕ್ಕ ಹಾಕಿ. ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಹೊಸ .22ಗೆ ಇಂದು ಎಷ್ಟಾಗುತ್ತದೆ ಎಂದು ಡೀಲರ್ ಬಳಿ ಕೇಳಿ. ಅದಕ್ಕಿಂತ ಮೇಲೆ ನೀವು ಕೊಡುವ ಪ್ರತಿ ರೂಪಾಯಿಗೂ ಉತ್ತಮ ನಳಿಗೆ, ನಯವಾದ ಬೋಲ್ಟ್, ಮೂಲರೂಪ ಸಿಗುತ್ತಿದೆಯೇ? ಸಿಗದಿದ್ದರೆ ಬರೀ ಹೆಸರಿಗೆ ದುಡ್ಡು ಕೊಡುತ್ತಿದ್ದೀರಿ. ಎರಡು ಮೂರು ಕಡೆ ಬೆಲೆ ವಿಚಾರಿಸದೆ ಮುಂಗಡ ಕೊಡಬೇಡಿ.

ನಮ್ಮಲ್ಲಿ ಬಿಎಸ್‌ಎ ಮಾರ್ಟಿನಿ ಒಂದಿದೆ. ಬಣ್ಣ ಮಾಸಿ, ಮರ ಗೀರು ಬಿದ್ದಿದೆ. ಪಾಲಿಶ್ ಮಾಡಿಸಿ ಹೊಸದಾಗಿ ಬ್ಲೂಯಿಂಗ್ ಹಾಕಿಸಿದರೆ ಹೆಚ್ಚು ಬೆಲೆ ಬರುತ್ತದಂತೆ, ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ದಯವಿಟ್ಟು ಹಾಗೆ ಮಾಡಿಸಬೇಡಿ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ 1861ರಲ್ಲಿ ಹುಟ್ಟಿದ್ದು. ಲಿವರ್ ಕೆಳಗೆ ಎಳೆದರೆ ತೆರೆದುಕೊಳ್ಳುವ, ಒಂದೇ ತೋಟಾ ಹಿಡಿಯುವ ಅದರ .22 ಮಾರ್ಟಿನಿಗಳು ಹೆಚ್ಚಾಗಿ ಗುರಿಸ್ಪರ್ಧೆಗೆ ತಯಾರಾದವು. ಬಲ್ಲವರು ಇವುಗಳಲ್ಲಿ ಹುಡುಕುವುದು ಕಾರ್ಖಾನೆಯಿಂದ ಬಂದ ಮೇಲ್ಮೈಯನ್ನು. ಯಂತ್ರದಲ್ಲಿ ಉಜ್ಜಿದಾಗ ಮೂಲೆಗಳು ಮೊಂಡಾಗುತ್ತವೆ, ಮೂರು ಕೋವಿಗಳನ್ನು ಗೂಡುಕಟ್ಟಿ ನಿಲ್ಲಿಸಿದ ಕಂಪನಿಯ ಮುದ್ರೆ ಮಸುಕಾಗುತ್ತದೆ. ಒಮ್ಮೆ ಹೋದ ಮೇಲ್ಮೈಯನ್ನು ಯಾರೂ ಮರಳಿ ತರಲಾರರು. ನಂಬರ್ ತೀಡಿದಂತೆ ಕಂಡರಂತೂ ಪೊಲೀಸರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಮೆದುಬಟ್ಟೆಯಲ್ಲಿ ಕೋವಿ ಎಣ್ಣೆ ಹಚ್ಚಿ ಒರೆಸಿ, ಮರಕ್ಕೆ ತೆಳುವಾಗಿ ಅಗಸೆ ಎಣ್ಣೆ ಸವರಿ. ಅಷ್ಟು ಸಾಕು. ಕೊಳ್ಳುವವರಿಗೂ ಇದೇ ಮಾತು. ತಿರುಪಿನ ತಲೆ ಕಿತ್ತುಹೋಗಿದ್ದರೆ, ಅಕ್ಷರಗಳ ಅಂಚು ಕರಗಿದ್ದರೆ ಯಾರೋ ಒಳಗೆ ಕೈ ಆಡಿಸಿದ್ದಾರೆಂದು ತಿಳಿದು ಬೆಲೆ ಇಳಿಸಿ.

.22 ಎಂದು ಬರೆದ ಯಾವ ತೋಟಾ ಬೇಕಾದರೂ ಹಾಕಬಹುದೇ?
– ಓದುಗರೊಬ್ಬರು, ಹಾಸನ

ಖಂಡಿತ ಕೂಡದು. .22 ಶಾರ್ಟ್ ಬಂದದ್ದು 1857ರಲ್ಲಿ, ಲಾಂಗ್ ರೈಫಲ್ 1887ರಲ್ಲಿ, ಮ್ಯಾಗ್ನಮ್ 1959ರಲ್ಲಿ. ಅಳತೆಗಳು ಬೇರೆಬೇರೆ. ನಳಿಗೆಯ ಮೇಲೆ ಏನು ಕೆತ್ತಿದೆಯೋ ಅದನ್ನೇ ಹಾಕಿ. ಲಾಂಗ್ ರೈಫಲ್ ಚೇಂಬರಿನಲ್ಲಿ ಶಾರ್ಟ್ ಹಾರುತ್ತದೆ ನಿಜ, ಆದರೆ ದಿನವೂ ಹಾರಿಸಿದರೆ ಚೇಂಬರಿನಲ್ಲಿ ಉಂಗುರದಂತೆ ಸವೆತ ಬಿದ್ದು ಮುಂದೆ ಲಾಂಗ್ ರೈಫಲ್ ತೋಟಾ ಅಲ್ಲಿ ಕಚ್ಚಿಕೊಳ್ಳುತ್ತದೆ. 1920ರ ದಶಕದ ಕೊನೆಯವರೆಗಿನ ತೋಟಾಗಳ ಸಿಡಿಮದ್ದು ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. ಅದಕ್ಕೂ ಹಿಂದಿನ ಕೋವಿ ಕೊಳ್ಳುವಾಗ ಒಳಭಾಗವನ್ನು ಎರಡು ಸಲ ನೋಡಿ.

ನಾವು ಕೊಡವರು, ಲೈಸೆನ್ಸ್ ವಿನಾಯಿತಿ ಇದೆ. ನಮ್ಮ ರೈಫಲನ್ನು ಮೈಸೂರಿನ ಸ್ನೇಹಿತರಿಗೆ ಕೊಡಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಇರುವುದು ವ್ಯಕ್ತಿಗೆ, ಕೋವಿಗಲ್ಲ. ನಿಮ್ಮ ಸ್ನೇಹಿತರಿಗೆ ಅವರದೇ ಲೈಸೆನ್ಸ್, ಅದರಲ್ಲಿ .22 ರೈಫಲ್‌ಗೆ ಅನುಮತಿ ಇರಲೇಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಕೋವಿ. ಅವರ ಬಳಿ ಈಗಾಗಲೇ ಎರಡಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ, ಲೈಸೆನ್ಸ್ ಬೇಕಾದ ಕೋವಿಯನ್ನು ಮಾರುವವರು ಕೊಳ್ಳುವವರ ಹೆಸರು ವಿಳಾಸದ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಕನಿಷ್ಠ 45 ದಿನ ಕಾಯಬೇಕು. ನಿಮ್ಮ ವಿನಾಯಿತಿ ಪತ್ರದೊಂದಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಒಪ್ಪಿಗೆ ಕೈಗೆ ಬಂದ ಮೇಲೆ ಕೋವಿ ಕೊಡಿ. ಸ್ನೇಹದಲ್ಲಿ ಬಾಯಿಮಾತಿಗೆ ಕೊಟ್ಟರೆ ಇಬ್ಬರ ಮೇಲೂ ಮೊಕದ್ದಮೆ ಬೀಳಬಹುದು.

ಅಜ್ಜ ತೀರಿಕೊಂಡು ಕೆಲವು ತಿಂಗಳಾಯಿತು. ಅವರ ರೈಫಲ್ ಇನ್ನೂ ಬೀರುವಿನಲ್ಲೇ ಇದೆ. ಮಾರುವುದೋ ಉಳಿಸಿಕೊಳ್ಳುವುದೋ ತೋಚುತ್ತಿಲ್ಲ.
– ಓದುಗರೊಬ್ಬರು, ಶಿರಸಿ

ಆ ನಿರ್ಧಾರಕ್ಕೆ ಸಮಯ ತೆಗೆದುಕೊಳ್ಳಿ, ಆದರೆ ಕೋವಿಯನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಅಜ್ಜನ ಹೆಸರಿನದು, ಅವರೊಂದಿಗೇ ಅದು ಮುಗಿದಿದೆ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಿ ರಸೀದಿ ಪಡೆಯಿರಿ. ಸಾಗಿಸುವ ಮುನ್ನ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ. ಅಲ್ಲಿಗೆ ಹೋಗುವಾಗ ಹಳೆಯ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಉಳಿದ ತೋಟಾಗಳೂ ಜೊತೆಗಿರಲಿ.

ಆಯ್ಕೆ ಇದ್ದರೆ ಡೀಲರ್ ಬಳಿ ಇಡುವುದು ಮೇಲು. ಬಾಡಿಗೆ ಬಿದ್ದರೂ ಎಣ್ಣೆ ಕಾಣುತ್ತದೆ. ಠಾಣೆಯ ಉಗ್ರಾಣದ ಮೂಲೆಯಲ್ಲಿ ನಾಲ್ಕು ಮಳೆಗಾಲ ಒರಗಿದರೆ ಒಳ್ಳೆಯ ನಳಿಗೆಯೂ ಹಾಳಾಗುತ್ತದೆ. ಚುನಾವಣೆ ಬಂದಾಗ ಕೋವಿ ಒಪ್ಪಿಸುವವರೂ ಇದನ್ನು ನೆನಪಿಡಿ. ಒಳಗೂ ಹೊರಗೂ ಎಣ್ಣೆ ಸವರಿಯೇ ಕೊಡಿ, ಮರಳಿ ತಂದ ದಿನವೇ ಒರೆಸಿ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶವಿದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರದೊಂದಿಗೆ ಒಬ್ಬರು ಅರ್ಜಿ ಹಾಕಿ. ಹಿರಿಯರು ಬದುಕಿರುವ ಮನೆಯವರು ಇನ್ನೂ ಮುಂಚೆಯೇ ಯೋಚಿಸಬಹುದು. 70 ವರ್ಷ ತುಂಬಿದ ಅಥವಾ 25 ವರ್ಷ ಕೋವಿ ಹೊಂದಿದ್ದ ಲೈಸೆನ್ಸ್‌ದಾರರು ತಾವಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಲು ದಾರಿಯಿದೆ.

ನಿಮ್ಮ ಮನೆಯಲ್ಲಿ ರೇಂಜಿಗೆ ಹೋಗಿ ಕಲಿಯುವ ಆಸೆ ಯಾರಿಗಾದರೂ ಇದ್ದರೆ ಉಳಿಸಿಕೊಳ್ಳಿ. ಯಾರಿಗೂ ಇಲ್ಲದಿದ್ದರೆ ಗುರಿ ಅಭ್ಯಾಸ ಮಾಡುವ ಲೈಸೆನ್ಸ್‌ದಾರರಿಗೆ ನ್ಯಾಯವಾದ ಬೆಲೆಗೆ ಮಾರಿಬಿಡಿ. ಬಳಸುವವರ ಕೈಯಲ್ಲಿ ಅದು ಇನ್ನೊಂದು ತಲೆಮಾರು ಚೆನ್ನಾಗಿ ಬಾಳುತ್ತದೆ.