ಮುಕ್ತ ತಂತ್ರಾಂಶ, ಕೃತಕ ಬುದ್ಧಿಮತ್ತೆ ಮತ್ತು ಪರಿಶೀಲನೆಯ ವೆಚ್ಚ

ವಾಣಿಜ್ಯ ವ್ಯವಹಾರಗಳಲ್ಲಿ ಇಂದು ಬಳಕೆಯಲ್ಲಿರುವ ತಂತ್ರಾಂಶಗಳ ಪೈಕಿ ಬಹುಪಾಲು, ನಾವು ಹಣ ತೆತ್ತು ಕೊಂಡವೂ ಸೇರಿದಂತೆ, ಮುಕ್ತ ತಂತ್ರಾಂಶದ ಘಟಕಗಳನ್ನು ಒಳಗೊಂಡಿವೆ. ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಪರವಾನಗಿಯ ಷರತ್ತುಗಳಿಗೊಳಪಟ್ಟು ಬಳಸಬಹುದಾದ ತಂತ್ರಾಂಶವೇ ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್, ಸಣ್ಣ ಕೈಗಾರಿಕೆಗಳು ದಾಸ್ತಾನು ಹಾಗೂ ಲೆಕ್ಕಪತ್ರಗಳಿಗೆ ಬಳಸುವ ಇಆರ್‌ಪಿನೆಕ್ಸ್ಟ್ ಇದಕ್ಕೆ ನಿದರ್ಶನಗಳು.

ಇಂತಹ ಪ್ರತಿಯೊಂದು ತಂತ್ರಾಂಶವನ್ನೂ ನೋಡಿಕೊಳ್ಳುವ ಒಬ್ಬಿಬ್ಬರು ಅಥವಾ ಕೆಲವರು ಇರುತ್ತಾರೆ. ಅವರನ್ನು ಮೇಂಟೇನರ್ ಎನ್ನುವುದುಂಟು. ಇಲ್ಲಿ ನಿರ್ವಾಹಕರೆಂದು ಕರೆಯೋಣ. ಹೊರಗಿನವರು ಕಳುಹಿಸುವ ತಿದ್ದುಪಡಿಗಳನ್ನು ಸಾಲು ಸಾಲಾಗಿ ಓದಿ, ಪರೀಕ್ಷಿಸಿ, ಸ್ವೀಕರಿಸುವುದೋ ತಿರಸ್ಕರಿಸುವುದೋ ಎಂದು ತೀರ್ಮಾನಿಸುವುದು ಅವರ ಹೊಣೆ. ಅನೇಕರಿಗೆ ಈ ಕೆಲಸಕ್ಕೆ ವೇತನವಿಲ್ಲ. ಉದ್ಯೋಗ ಮುಗಿಸಿ ಬಂದ ಮೇಲೆ ರಾತ್ರಿಯ ಹೊತ್ತು ಮಾಡುತ್ತಾರೆ.

ಹಿಂದೆ ತಿದ್ದುಪಡಿಯೊಂದನ್ನು ಬರೆಯುವುದೇ ಶ್ರಮದ ಕೆಲಸವಾಗಿತ್ತು. ಆ ಶ್ರಮವೇ ಒಂದು ಜರಡಿಯಂತೆ ಕೆಲಸ ಮಾಡುತ್ತಿತ್ತು. ವಿಷಯ ತಿಳಿಯದವನು ಅರ್ಧದಲ್ಲೇ ಕೈಬಿಡುತ್ತಿದ್ದ. ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದ ಬಳಿಕ ನೂರಾರು ಸಾಲಿನ ಕೋಡ್ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಆದರೆ ಅದನ್ನು ಓದಿ ತಪ್ಪು ಹಿಡಿಯಲು ತಗಲುವ ವೇಳೆ ಅದೇ ಪ್ರಮಾಣದಲ್ಲಿ ಇಳಿದಿಲ್ಲ. ಯಂತ್ರದ ವೇಗ ಹತ್ತು ಪಟ್ಟಾಗಿ, ಮಾಲು ತಪಾಸಣೆ ಮಾಡುವವನು ಮಾತ್ರ ಒಬ್ಬನೇ ಉಳಿದ ಕಾರ್ಖಾನೆಯ ಸ್ಥಿತಿ ಇದು. ವೆಚ್ಚಶಾಸ್ತ್ರದ ದೃಷ್ಟಿಯಿಂದ ವೆಚ್ಚ ಇಲ್ಲವಾಗಿಲ್ಲ. ಬರೆಯುವವನ ಲೆಕ್ಕದಿಂದ ಪರಿಶೀಲಿಸುವವನ ಲೆಕ್ಕಕ್ಕೆ ವರ್ಗಾವಣೆಯಾಗಿದೆ, ಅಷ್ಟೆ.

ಕರ್ಲ್ ಎಂಬ ತಂತ್ರಾಂಶದ ಅನುಭವವು ಇದಕ್ಕೆ ಸ್ಪಷ್ಟ ಉದಾಹರಣೆ. ಜಾಲದ ಮೂಲಕ ದತ್ತಾಂಶವನ್ನು ಸಾಗಿಸುವ ಈ ಪುಟ್ಟ ಸಾಧನವು ಆ ಹೆಸರಿನಲ್ಲಿ 1998ರಲ್ಲಿ ಹೊರಬಂದಿತು. ಇಂದು ಫೋನು, ಟಿವಿ, ಕಾರುಗಳಲ್ಲೆಲ್ಲ ಅಡಗಿ ಕುಳಿತಿದೆ. ಇದರ ಪ್ರಧಾನ ನಿರ್ವಾಹಕರು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್. ಭದ್ರತಾ ದೋಷ ತೋರಿಸಿಕೊಟ್ಟವರಿಗೆ ನಗದು ಬಹುಮಾನ ನೀಡುವ ಯೋಜನೆಯನ್ನು ಕರ್ಲ್ 2019ರಲ್ಲಿ ಆರಂಭಿಸಿತ್ತು. ಮುಂದೆ, ಇಲ್ಲದ ದೋಷವನ್ನು ಸೊಗಸಾದ ಭಾಷೆಯಲ್ಲಿ ವರ್ಣಿಸುವ ಯಂತ್ರಲಿಖಿತ ವರದಿಗಳು ಬರತೊಡಗಿದವು. 2025ರ ಜುಲೈನಲ್ಲಿ ಸ್ಟೆನ್‌ಬರ್ಗ್ ನೀಡಿದ ಲೆಕ್ಕದಂತೆ, ವಾರಕ್ಕೆ ಸರಾಸರಿ ಎರಡು ವರದಿಗಳು ಬರುತ್ತಿದ್ದವು, ಸುಮಾರು ಶೇ. 20ರಷ್ಟು ಇಂತಹ ಯಂತ್ರದ ಕಸ. ಆ ವರ್ಷ ನಿಜವಾದ ದೋಷವೆಂದು ಸಾಬೀತಾದದ್ದು ಸುಮಾರು ಶೇ. 5 ಮಾತ್ರ. ಏಳು ಮಂದಿಯ ಭದ್ರತಾ ತಂಡದಲ್ಲಿ ಮೂರು ನಾಲ್ಕು ಜನ ಪ್ರತಿ ವರದಿಯನ್ನೂ ನೋಡಬೇಕು; ಅರ್ಧ ಗಂಟೆಯಿಂದ ಕೆಲವೊಮ್ಮೆ ಮೂರು ಗಂಟೆ. ತಲಾ ಒಂದೇ ಗಂಟೆ, ಮೂರೇ ಜನ ಎಂದಿಟ್ಟುಕೊಂಡರೂ ವರ್ಷಕ್ಕೆ ನೂರು ವರದಿಗಳಿಗೆ 300 ಮಾನವ ಗಂಟೆಗಳಾದವು. ಅದರಲ್ಲಿ ಫಲ ಕೊಟ್ಟದ್ದು 15 ಗಂಟೆ. 2026ರ ಜನವರಿ ಅಂತ್ಯಕ್ಕೆ ಆ ಬಹುಮಾನ ಯೋಜನೆಯನ್ನೇ ನಿಲ್ಲಿಸಲಾಯಿತು.

ಉಪಕರಣವನ್ನೇ ದೂಷಿಸುವುದು ನ್ಯಾಯವಲ್ಲ. 2025ರಲ್ಲೇ ನುರಿತ ಸಂಶೋಧಕರೊಬ್ಬರು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕಂಡುಹಿಡಿದ ಹತ್ತಾರು ನೈಜ ದೋಷಗಳನ್ನು ಇದೇ ಕರ್ಲ್ ಸರಿಪಡಿಸಿಕೊಂಡಿತು. ಆ ಸಂಶೋಧಕರು ವಿಷಯ ಬಲ್ಲವರು. ಆಧಾರವಿಲ್ಲದ್ದನ್ನು ಬಿಟ್ಟು ಆಧಾರವಿದ್ದುದನ್ನು ಮುಂದಿಟ್ಟರು.

ಗಂಟೆಗಳ ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟವಿದೆ, ನನ್ನ ಅಭಿಪ್ರಾಯದಲ್ಲಿ ಅದೇ ದೊಡ್ಡದು. ಹೊಸಬನ ದೋಷಪೂರ್ಣ ತಿದ್ದುಪಡಿಯನ್ನು ನಿರ್ವಾಹಕರು ತಾಳ್ಮೆಯಿಂದ ತಿದ್ದುತ್ತಿದ್ದುದು ಅವನು ಮುಂದೆ ಕೆಲಸಕ್ಕೆ ಹೆಗಲು ಕೊಡುವನೆಂಬ ನಿರೀಕ್ಷೆಯಿಂದ. ನಮ್ಮ ವೃತ್ತಿಯಲ್ಲಿ ಆರ್ಟಿಕಲ್ ಕ್ಲಾರ್ಕುಗಳನ್ನು ತಯಾರು ಮಾಡುವುದೂ ಹೀಗೆಯೇ. ಈಗ ನಿರ್ವಾಹಕರ ಟಿಪ್ಪಣಿಯನ್ನು ಯಂತ್ರಕ್ಕೆ ಉಣಿಸಿ, ಅದರ ಉತ್ತರವನ್ನು ಮರಳಿ ಕಳುಹಿಸುವವನು ಏನನ್ನೂ ಕಲಿಯುವುದಿಲ್ಲ. ಉತ್ತರಾಧಿಕಾರಿ ತಯಾರಾಗುವುದಿಲ್ಲ. ದಣಿದ ಏಕೈಕ ನಿರ್ವಾಹಕನಿಂದ ಆಗುವ ಅಪಾಯವನ್ನು 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಜೆಡ್ ಪ್ರಕರಣ ತೋರಿಸಿತು: ವರ್ಷಗಳ ಕಾಲ ಸಹಾಯಕನಂತೆ ನಟಿಸಿ ವಿಶ್ವಾಸ ಗಳಿಸಿದ ವ್ಯಕ್ತಿಯು ಲಿನಕ್ಸ್ ಗಣಕಗಳಿಗೆ ಕಳ್ಳದಾರಿ ತೆರೆಯುವ ಕೋಡನ್ನು ಒಳಸೇರಿಸಿದ್ದ. ಅದರಲ್ಲಿ ಕೃತಕ ಬುದ್ಧಿಮತ್ತೆಯ ಪಾತ್ರವಿರಲಿಲ್ಲ. ನಿರ್ವಾಹಕರ ಆಯಾಸವಿತ್ತು.

ಹೊಣೆಗಾರಿಕೆಯ ಪ್ರಶ್ನೆಯನ್ನು ಒಂದೊಂದು ಯೋಜನೆ ಒಂದೊಂದು ರೀತಿಯಲ್ಲಿ ಎದುರಿಸಿದೆ. 2024ರಲ್ಲಿ ಜೆಂಟೂ ಇಂತಹ ಕೊಡುಗೆಗಳನ್ನು ನಿಷೇಧಿಸಿತು. ಅದೇ ವರ್ಷ ನೆಟ್‌ಬಿಎಸ್‌ಡಿ, ಕೃತಿಸ್ವಾಮ್ಯದ ಸಂಶಯದಿಂದ, ಪೂರ್ವಾನುಮತಿಯಿಲ್ಲದೆ ಸೇರಿಸಬಾರದೆಂದಿತು. ಲಿನಕ್ಸ್‌ನಲ್ಲಿ ಕೋಡಿನ ಮೂಲದ ಬಗ್ಗೆ ಸಹಿ ಹಾಕುವ ಪದ್ಧತಿ 2004ರಿಂದಲೇ ಇದೆ; ಉಪಕರಣದ ನೆರವು ಪಡೆದರೂ ಆ ಸಹಿ ಮನುಷ್ಯನದೇ ಆಗಿರಬೇಕು. ನಮ್ಮ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂದು 2023ರ ಏಪ್ರಿಲ್ 1ರಿಂದ ಕಡ್ಡಾಯವಾದದ್ದನ್ನು ಓದುಗರು ಬಲ್ಲರು. ತತ್ತ್ವ ಎರಡರಲ್ಲೂ ಒಂದೇ. ಲಿನಕ್ಸ್‌ನ ಕ್ರಮವೇ ವ್ಯವಹಾರಕ್ಕೆ ಹೆಚ್ಚು ಸೂಕ್ತವೆಂದು ನನಗನಿಸುತ್ತದೆ; ಪೂರ್ಣ ನಿಷೇಧವನ್ನು ಜಾರಿಗೊಳಿಸುವುದು ಕಷ್ಟ.

ಸದಸ್ಯರು ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ, ಅದರಲ್ಲಿರುವ ಮುಕ್ತ ಘಟಕಗಳ ಪಟ್ಟಿಯನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು. ಎಸ್‌ಬಿಓಎಂ ಎಂಬ ಈ ಪಟ್ಟಿಯ ಬಗ್ಗೆ ಸರ್ಟ್‌-ಇನ್ 2024ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಘಟಕಗಳಲ್ಲಿ ದೋಷ ಕಂಡುಬಂದರೆ ಎಷ್ಟು ದಿನದಲ್ಲಿ ಸರಿಪಡಿಸಲಾಗುವುದು, ಯಂತ್ರ ಬರೆದ ಕೋಡನ್ನು ಯಾರು ಪರಿಶೀಲಿಸುತ್ತಾರೆ ಎಂಬುದೂ ಒಪ್ಪಂದದಲ್ಲಿರಲಿ. ನಿಮ್ಮ ಸಂಸ್ಥೆಯ ಸಿಬ್ಬಂದಿಯೇ ತಿದ್ದುಪಡಿ ಕಳುಹಿಸುವುದಾದರೆ, ತಾನು ವಿವರಿಸಲಾಗದ ಒಂದು ಸಾಲನ್ನೂ ಕಳುಹಿಸಕೂಡದೆಂದು ಸೂಚಿಸುವುದು ಒಳಿತು.

ಧನಸಹಾಯಕ್ಕೂ ದಾರಿಗಳಿವೆ. ಬೆಂಗಳೂರಿನ ಜೆರೋಧಾ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿಯನ್ನು ಘೋಷಿಸಿತು. ಸಣ್ಣ ಉದ್ಯಮಿಗೆ ಅಷ್ಟು ಅಗತ್ಯವಿಲ್ಲ; ತಾನು ಅವಲಂಬಿಸಿದ ಒಂದೆರಡು ಯೋಜನೆಗಳಿಗೆ ಸಣ್ಣ ಮೊತ್ತ ಕೊಟ್ಟರೂ ಸಾಕು. ಆದರೆ ವಿದೇಶದಲ್ಲಿರುವ ನಿರ್ವಾಹಕರಿಗೆ ಹಣ ಕಳುಹಿಸುವಾಗ ಮೂಲದಲ್ಲಿ ತೆರಿಗೆ ಕಡಿತದ ಪ್ರಶ್ನೆಯೂ ಬ್ಯಾಂಕಿಗೆ ಒದಗಿಸಬೇಕಾದ ದಾಖಲೆಗಳೂ ಇರುತ್ತವೆ. ಅದು ದಾನವೋ, ಸೇವೆಯ ಶುಲ್ಕವೋ ಎಂಬುದನ್ನು ಪಾವತಿಗೆ ಮುನ್ನವೇ ತಮ್ಮ ಲೆಕ್ಕಪರಿಶೋಧಕರೊಡನೆ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.